ಹಳೆಯ ಪಿಕಪ್‌ನ ಕಮಾನಿಗೇಕೆ ಮರಣದಂಡನೆ?

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದನೇ ಫೇಸಾಗಲಿ ಎರಡನೇ ಫೇಸಾಗಲಿ, ಹಳೆಯ ಜೀಪು ಪಿಕಪ್ಪೊಂದನ್ನು ಯಾವುದಾದರೂ ಗ್ಯಾರೇಜಿನ ಮುಂದೆ ನಿಲ್ಲಿಸಿ ನೋಡಿ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಮುಂದಿನ ಕಮಾನು ತೆಗೆಸಿಬಿಡಿ, ಇಂಡಿಪೆಂಡೆಂಟ್ ಕೂರಿಸೋಣ. ಕಾರಿನ ಹಾಗೆ ಓಡುತ್ತೆ." ಚಹಾ ಬರುವಷ್ಟರಲ್ಲಿ ಸುತ್ತ ನಾಲ್ಕು ಜನ ಸೇರಿರುತ್ತಾರೆ, ನಾಲ್ವರೂ ತಲೆಯಾಡಿಸುತ್ತಾರೆ. ಕಮಾನು ಎಂದರೆ ಎತ್ತಿನ ಗಾಡಿಯ ಕಾಲದ್ದು, ಕಾಯಿಲ್ ಸ್ಪ್ರಿಂಗ್ ಎಂದರೆ ಈ ಕಾಲದ್ದು ಎಂಬ ವಿಷಯದಲ್ಲಿ ಠಾಣೆಯಿಂದ ಕಲ್ಯಾಣದವರೆಗೆ, ತುರ್ಭೆಯಿಂದ ತಳೋಜದವರೆಗೆ ಎರಡು ಅಭಿಪ್ರಾಯ ಕೇಳಿಬರುವುದಿಲ್ಲ. ಇಷ್ಟು ಸರ್ವಾನುಮತದ ಈ ಮಾತು ತಪ್ಪು. ರೋಗ ಗುರುತಿಸುವುದರಲ್ಲೇ ತಪ್ಪಿದೆ, ಮದ್ದಿನಲ್ಲಿ ಇನ್ನೂ ದೊಡ್ಡ ತಪ್ಪಿದೆ, ಕಾನೂನಿನ ಕಣ್ಣಿನಲ್ಲಂತೂ ಅಪರಾಧವೇ ಆಗಬಹುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಕಥೆ ನಮ್ಮವರಿಗೆ ಹೊಸದಲ್ಲ. ಎಂಐಡಿಸಿಯಲ್ಲಿ ಆ ಕೊಯ್ತಕ್ಕೆ ಗ್ಯಾಸ್ ಕಟರ್ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ಯಾವ ಗಾಡಿಗಳ ಮಾತಿದು ಎಂಬುದನ್ನು ಮೊದಲು ಹೇಳಬೇಕು. ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದ್ದು 1947ರಲ್ಲಿ. 1965ರಲ್ಲಿ ಎಫ್‌ಸಿ-150 ಎಂಬ ಪುಟ್ಟ ಪೆಟ್ರೋಲ್ ಟ್ರಕ್ಕು ಬಂತು: ಚಾಲಕನ ಕ್ಯಾಬಿನ್ನು ಮುಂಚಕ್ರದ ನೆತ್ತಿಯ ಮೇಲೆ, ಹಿಂದೆ ಸಾಮಾನಿನ ತೊಟ್ಟಿ. ಸಿಜೆ3ಬಿ ಜೀಪು, ಅದರ ಬೆನ್ನಿಗೆ ತೊಟ್ಟಿ ಕಟ್ಟಿಸಿಕೊಂಡ ಪಿಕಪ್ಪುಗಳು, ಆಮೇಲಿನ ಎಂಎಂ540 ಸಂತತಿ, ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಡಾಡ್ಜ್, ಫಾರ್ಗೊ ಟ್ರಕ್ಕುಗಳು. ಇವೆಲ್ಲವುಗಳ ಮುಂಭಾಗದ ವ್ಯವಸ್ಥೆ ಒಂದೇ ಜಾತಿಯದು. ಎರಡು ಚಕ್ರಗಳನ್ನು ಬೆಸೆದ ಗಟ್ಟಿ ಆಕ್ಸಲ್, ಅದರ ಎರಡು ಬದಿಗೆ ಪಟ್ಟಿಗಳನ್ನು ಅಡುಕಿ ಕಟ್ಟಿದ ಕಮಾನು. ಇಂಥ ಗಾಡಿಗಳು ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಕೆಲವು ದುಡಿಯುತ್ತಿವೆ, ಕೆಲವು ಶೋಕಿಗೆ ಮರುಹುಟ್ಟು ಪಡೆಯುತ್ತಿವೆ. ಮರುಹುಟ್ಟಿನ ಹೆಸರಿನಲ್ಲಿ ಮೊದಲ ಬಲಿ ಮುಂದಿನ ಕಮಾನೇ.

ಕಮಾನಿನ ಮೇಲೆ ಹೊರಿಸುವ ಆರೋಪಗಳನ್ನು ಕೇಳಿ. ಗಾಡಿ ಎತ್ತಿ ಒಗೆಯುತ್ತದೆ, ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತದೆ, ಗುಂಡಿಗೆ ಬಿದ್ದರೆ ಮೂತಿ ನಡುಗುತ್ತದೆ. ನಾಲ್ಕೂ ನಿಜ. ಆದರೆ ನಾಲ್ಕೂ ಒಟ್ಟಿಗೆ ಬರುವುದೇಕೆ ಎಂದು ಯಾರೂ ಕೇಳುವುದಿಲ್ಲ. ಹಳೆಯ ವಿನ್ಯಾಸದಲ್ಲಿ ಒಂದೇ ಕಮಾನು ನಾಲ್ಕು ಕೆಲಸ ಮಾಡುತ್ತದೆ. ಗಾಡಿಯ ಭಾರ ಹೊರುತ್ತದೆ. ಆಕ್ಸಲ್ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಜಾರದಂತೆ ಹಿಡಿದಿಡುತ್ತದೆ. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುತ್ತದೆ. ಪಟ್ಟಿಗೆ ಪಟ್ಟಿ ಉಜ್ಜುವ ಘರ್ಷಣೆಯಿಂದ ಕುಲುಕನ್ನು ಒಂದಿಷ್ಟು ನುಂಗುತ್ತದೆ. ಹೊಸ ಗಾಡಿಯಲ್ಲಿ ಈ ಕೆಲಸಗಳನ್ನು ತೋಳು, ಕಾಯಿಲ್, ಬಾಲ್‌ಜಾಯಿಂಟ್, ಶಾಕ್ ಅಬ್ಸಾರ್ಬರ್, ಆಂಟಿರೋಲ್ ಬಾರ್ ಎಂದು ಹಂಚಿಕೊಟ್ಟಿದ್ದಾರೆ. ಹಳೆಯದರಲ್ಲಿ ಎಲ್ಲ ಹೊರೆ ಒಬ್ಬನ ಹೆಗಲ ಮೇಲೆ. ಆದ್ದರಿಂದಲೇ ಕಮಾನಿನ ಬುಷ್ ಸವೆದರೆ, ಅದನ್ನು ಚಾಸಿಸ್‌ಗೆ ತೂಗುಹಾಕುವ ಶಾಕಲ್ ಸಡಿಲವಾದರೆ, ಪಟ್ಟಿ ತುಕ್ಕು ಹಿಡಿದರೆ ನಾಲ್ಕು ರೋಗಲಕ್ಷಣವೂ ಒಂದೇ ದಿನ ಕಾಣಿಸಿಕೊಂಡಂತೆ ಅನಿಸುತ್ತದೆ. ಸವೆದದ್ದು ಬೆಲೆಯಲ್ಲಿ ಅಲ್ಪವಾದ ಒಂದು ಬುಷ್. ಶಿಕ್ಷೆಯಾಗುವುದು ಇಡೀ ವಿನ್ಯಾಸಕ್ಕೆ.

ಸವೆಯುವುದು ಹೇಗೆ ಎಂಬುದಕ್ಕೆ ಡೊಂಬಿವಲಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ನಾಲ್ಕು ತಿಂಗಳ ಮಳೆ, ಖಾಡಿಯ ಕಡೆಯಿಂದ ಬರುವ ತೇವದ ಗಾಳಿ, ಚರಂಡಿ ಉಕ್ಕಿ ರಸ್ತೆಗೆ ಹರಿಯುವ ಕಾರ್ಖಾನೆಯ ನೀರು. 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ರಸ್ತೆ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅಂದಿನ ಮುಖ್ಯಮಂತ್ರಿ ಉದ್ಧವ ಠಾಕ್ರೆ ಬಂದು ನೋಡಿದ್ದರು. ಇಂಥ ನೀರನ್ನು ಚಕ್ರ ಚಿಮ್ಮಿಸುವುದು ನೇರ ಕಮಾನಿನ ಪಟ್ಟಿಗಳ ನಡುವಿಗೆ. ಪಟ್ಟಿಗಳ ನಡುವೆ ತುಕ್ಕು ಗಟ್ಟಿಯಾದರೆ ಒಂದರ ಮೇಲೊಂದು ಜಾರುವುದು ನಿಲ್ಲುತ್ತದೆ. ಆಗ ಏಳೆಂಟು ಪಟ್ಟಿಯ ಕಮಾನು ಒಂದೇ ದಪ್ಪ ಕಬ್ಬಿಣದ ದಿಮ್ಮಿಯಂತೆ ವರ್ತಿಸುತ್ತದೆ. ಸಣ್ಣ ಉಬ್ಬುತಗ್ಗಿಗೆ ಅದು ಬಾಗುವುದೇ ಇಲ್ಲ, ಪೆಟ್ಟು ಇದ್ದಂತೆ ಚಾಸಿಸ್‌ಗೆ ಹೋಗುತ್ತದೆ. ದೊಡ್ಡ ಗುಂಡಿ ಬಂದಾಗ ಅಂಟು ಬಿಟ್ಟು ಒಮ್ಮೆಲೇ ಜಾರುತ್ತದೆ, ಆಗ ಗಾಡಿ ಎತ್ತಿ ಒಗೆಯುತ್ತದೆ. ಸಿಜೆ3ಬಿಯಂಥ ಹಳೆಯ ಜೀಪಿನ ಶಾಕಲ್ಲುಗಳಲ್ಲಿ ತಿರುಪಿನ ಬುಷ್‌ಗಳಿವೆ, ಪ್ರತಿಯೊಂದಕ್ಕೂ ಗ್ರೀಸ್ ನಿಪ್ಪಲ್ ಇದೆ. ಕಾರ್ಖಾನೆಯ ಸೂಚನೆ ಸುಮಾರು 1,000 ಮೈಲಿಗೊಮ್ಮೆ ಗ್ರೀಸ್ ಒತ್ತಬೇಕೆಂಬುದು. ನಮ್ಮಲ್ಲಿ ಎಷ್ಟು ನಿಪ್ಪಲ್‌ಗಳ ಬಾಯಿ ಬಣ್ಣ ಬಳಿದು ಮುಚ್ಚಿಹೋಗಿದೆ ಎಂದು ಗಾಡಿಯಡಿ ಮಲಗಿ ನೋಡಿದವರಿಗೆ ಗೊತ್ತು. ವರ್ಷಗಟ್ಟಲೆ ಒಂದು ತೊಟ್ಟು ಗ್ರೀಸ್ ಕಾಣದ ಕಮಾನನ್ನು ಕೊಂದವರು ನಾವು. ವಿಲ್ಲಿಸ್‌ನ ಎಂಜಿನಿಯರನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಇನ್ನೊಂದು ಅನ್ಯಾಯವನ್ನು ಮಾಲೀಕನೇ ಮಾಡಿರುತ್ತಾನೆ. ಭಾರ ಹೇರಿದಾಗ ಗಾಡಿ ಕೂರುತ್ತದೆಂದು ಒಂದು ಪಟ್ಟಿ ಹೆಚ್ಚಿಗೆ ಹಾಕಿಸುತ್ತಾನೆ. ಎಂಟು ಪಟ್ಟಿ ಒಂಬತ್ತಾದರೆ, ದಪ್ಪ ಒಂದೇ ಇದ್ದರೆ, ಬಿಗುವು ಎಂಟನೇ ಒಂದು ಪಾಲು ಹೆಚ್ಚುತ್ತದೆ. ಅಷ್ಟಾದರೆ ಸಹಿಸಬಹುದು. ಆದರೆ ಪಟ್ಟಿಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿಲಿಮೀಟರ್ ಪಟ್ಟಿಯ ಜಾಗದಲ್ಲಿ 8 ಮಿಲಿಮೀಟರ್ ಪಟ್ಟಿ ಕೂತರೆ ಆ ಪಟ್ಟಿ ಮೊದಲಿಗಿಂತ ಸುಮಾರು 2.4 ಪಟ್ಟು ಬಿಗಿ. ಗುಜರಿಯಲ್ಲಿ ಸಿಕ್ಕ ಲಾರಿಯ ಪಟ್ಟಿಯನ್ನು ಕತ್ತರಿಸಿ ಜೀಪಿಗೆ ತುರುಕಿದಾಗ ಆಗುವುದು ಇದೇ. ಉದ್ದದ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನ ಘನ: ಪಟ್ಟಿ ಗಿಡ್ಡವಾದಷ್ಟೂ ಬಿಗುವು ಅದೇ ರಭಸದಲ್ಲಿ ಏರುತ್ತದೆ. ಮಾಲೀಕ ಮೊದಲು ಕಮಾನನ್ನು ಕಲ್ಲು ಮಾಡಿಸುತ್ತಾನೆ, ಆಮೇಲೆ ಕಲ್ಲಿನಂತಿದೆ ಎಂದು ದೂರುತ್ತಾನೆ. ಕೂತುಹೋದ ಕಮಾನನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಬಯಲಲ್ಲೇ ಆರಲು ಬಿಡುವುದು ಇನ್ನೊಂದು ಪದ್ಧತಿ. ಸ್ಪ್ರಿಂಗ್ ಉಕ್ಕಿಗೆ ಸ್ಪ್ರಿಂಗಿನ ಗುಣ ಬರುವುದು ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿದಾಗ. ಆ ಹದ ಕಳೆದುಕೊಂಡ ಪಟ್ಟಿ ಕೆಲವೇ ವಾರಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಆಗಲೂ ಬೈಗುಳ ಕಮಾನಿಗೇ.

ಈಗ ಮದ್ದಿನ ಮಾತು. ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಕ್ರದೊಂದಿಗೆ ಕುಣಿಯುವ ತೂಕ ಕಡಿಮೆಯಾದರೆ ಟೈರು ನೆಲಕ್ಕೆ ಚೆನ್ನಾಗಿ ಅಂಟುತ್ತದೆ. ಎಡಚಕ್ರ ಗುಂಡಿಗೆ ಬಿದ್ದಾಗ ಬಲಚಕ್ರ ವಾಲುವುದಿಲ್ಲ. ವೇಗ ಹೆಚ್ಚಿದಷ್ಟೂ ಇದರ ಲಾಭ ಹೆಚ್ಚು. ಡೊಂಬಿವಲಿಗಂತೂ ಈ ವಿದ್ಯೆ ಹೊರಗಿನದಲ್ಲ. 1990ರ ದಶಕದಲ್ಲಿ ಪ್ರೀಮಿಯರ್ ಮತ್ತು ಪ್ಯೂಜೊ ಜೊತೆಗೂಡಿ 309 ಕಾರನ್ನು ತಯಾರಿಸಿದ್ದು ಇದೇ ಕಲ್ಯಾಣ–ಡೊಂಬಿವಲಿ ಸೀಮೆಯ ಕಾರ್ಖಾನೆಯಲ್ಲಿ. ಅದರ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಇಂಡಿಪೆಂಡೆಂಟ್ ವ್ಯವಸ್ಥೆ. ಕುರ್ಲಾದಲ್ಲಿ ಅದೇ ಕಂಪನಿ ದಶಕಗಟ್ಟಲೆ ಕಟ್ಟಿದ ಪದ್ಮಿನಿಗೂ ಮುಂದೆ ತೋಳು ಮತ್ತು ಕಾಯಿಲ್. ಮುಂಬಯಿಯ ಕಾಳಿ ಪೀಲಿ ಟ್ಯಾಕ್ಸಿ ಅದರ ಮೇಲೇ ಬದುಕಿತು. ಆದರೆ ಆ ಕಾರುಗಳಲ್ಲಿ ಒಂದೊಂದು ತೋಳಿನ ಉದ್ದ, ಒಂದೊಂದು ಬುಡದ ಎತ್ತರ ನಕ್ಷೆಯಲ್ಲಿ ಗೆರೆಯಾಗಿ ಮೂಡಿ, ಜಿಗ್‌ನಲ್ಲಿ ಕೂತು, ಅಳತೆಯಾಗಿ ಹೊರಬರುತ್ತಿತ್ತು. ನನ್ನ ಜಗಳ ಇಂಡಿಪೆಂಡೆಂಟ್ ಜೊತೆಗಲ್ಲ. ನಕ್ಷೆಯಿಲ್ಲದ, ಜಿಗ್ ಇಲ್ಲದ, ಅಳತೆಯಿಲ್ಲದ ಕಸಿಯ ಜೊತೆಗೆ.

ಕಸಿ ನಡೆಯುವ ಬಗೆ ಇದು. ಅಪಘಾತಕ್ಕೀಡಾದ ಎಸ್‌ಯುವಿಯೊಂದರ ಮುಂಭಾಗದ ಕ್ರಾಸ್ ಮೆಂಬರ್, ತೋಳುಗಳು, ಹಬ್‌ಗಳನ್ನು ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಗುಜರಿ ಪೇಟೆಯಿಂದ ತರುತ್ತಾರೆ. ಹಳೆಯ ಸಿಜೆಯ ಎರಡು ಮುಂಚಕ್ರಗಳ ನಡುವಣ ಅಂತರ ಸುಮಾರು 48 ಇಂಚು. ಇಂದಿನ ಎಸ್‌ಯುವಿಗಳದ್ದು 55 ಇಂಚಿಗೂ ಮೇಲೆ. ಹಾಗಾಗಿ ಕ್ರಾಸ್ ಮೆಂಬರನ್ನು ನಡುವೆ ಕೊಯ್ದು ಗಿಡ್ಡಮಾಡಬೇಕು, ಇಲ್ಲವೇ ಚಕ್ರ ಮಡ್‌ಗಾರ್ಡಿನಾಚೆ ಚಾಚಿಕೊಂಡರೂ ಸರಿ ಎನ್ನಬೇಕು. ಕೊಯ್ದು ಗಿಡ್ಡಮಾಡಿದ ಕೂಡಲೇ ಸ್ಟಿಯರಿಂಗ್ ರಾಡಿನ ಉದ್ದ ತಪ್ಪಿತು. ಚಕ್ರ ಮೇಲೆ ಕೆಳಗೆ ಹೋಗುವಾಗ ತೋಳಿನ ತುದಿ ಒಂದು ಕಂಸದಲ್ಲಿ ತಿರುಗುತ್ತದೆ, ಸ್ಟಿಯರಿಂಗ್ ರಾಡಿನ ತುದಿ ಇನ್ನೊಂದು ಕಂಸದಲ್ಲಿ. ಎರಡೂ ಹೊಂದದಿದ್ದರೆ ಗುಂಡಿಗೆ ಬಿದ್ದ ಚಕ್ರ ತನ್ನಷ್ಟಕ್ಕೆ ತಾನೇ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಚಾಲಕನ ಕೈ ನೇರ ಹಿಡಿದಿದ್ದರೂ ಗಾಡಿ ನೇರ ಹೋಗುವುದಿಲ್ಲ. ಗುಂಡಿಗಳ ಊರಿನಲ್ಲಿ ಗುಂಡಿಗೊಮ್ಮೆ ದಿಕ್ಕು ಬದಲಿಸುವ ಗಾಡಿಯನ್ನು ಅಪ್‌ಗ್ರೇಡ್ ಎಂದು ಮಾರುತ್ತಿದ್ದಾರೆ.

ಭಾರದ ಲೆಕ್ಕ ಇನ್ನೂ ಭಯಾನಕ. ಕಮಾನಿನ ವ್ಯವಸ್ಥೆಯಲ್ಲಿ ಗಾಡಿಯ ಭಾರ, ಬ್ರೇಕಿನ ಎಳೆತ ಎಲ್ಲ ಸುಮಾರು ಮೂರಡಿ ಅಂತರದ ಎರಡು ಕೊಂಡಿಗಳ ಮೂಲಕ ಚಾಸಿಸ್‌ಗೆ ಹಂಚಿಹೋಗುತ್ತದೆ. ಆ ಏಣಿಯಂಥ ಚಾಸಿಸ್ಸನ್ನು ರಿವೆಟ್ ಹೊಡೆದು ಕಟ್ಟಿದ್ದೇ ಅದು ತುಸು ತಿರುಚಿಕೊಳ್ಳಲಿ ಎಂದು. ಹಳ್ಳದಿಣ್ಣೆಯಲ್ಲಿ ಚಾಸಿಸ್ ತಿರುಚುತ್ತದೆ, ಕಮಾನು ಅದಕ್ಕೆ ಹೊಂದಿಕೊಳ್ಳುತ್ತದೆ. ತೋಳುಗಳ ವ್ಯವಸ್ಥೆಗೆ ಬೇಕಾದದ್ದು ಇದರ ತದ್ವಿರುದ್ಧ: ತೋಳಿನ ಬುಡ ಕೂದಲೆಳೆಯಷ್ಟೂ ಅಲುಗಬಾರದು. ಒಂದು ಸರಳ ಲೆಕ್ಕ ಹಾಕಿ. ಕೆಳ ಬಾಲ್‌ಜಾಯಿಂಟ್ ನೆಲದಿಂದ 8 ಇಂಚು ಮೇಲಿದೆ, ಮೇಲಿನದು ಅದಕ್ಕಿಂತ 10 ಇಂಚು ಮೇಲಿದೆ ಎನ್ನಿ. ಬ್ರೇಕ್ ಹಾಕಿದಾಗ ನೆಲದಲ್ಲಿ ಟೈರಿಗೆ ಹುಟ್ಟುವ ಬಲಕ್ಕೆ ಪ್ರತಿಯಾಗಿ ಮೇಲಿನ ತೋಳು ಅದರ 0.8 ಪಟ್ಟು ಒಂದು ದಿಕ್ಕಿಗೆ ಎಳೆಯುತ್ತದೆ, ಕೆಳತೋಳು 1.8 ಪಟ್ಟು ಇನ್ನೊಂದು ದಿಕ್ಕಿಗೆ. ನೆಲದಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚು ಬಲ ಕೆಳತೋಳಿನ ಬುಡದಲ್ಲಿರುವ ಅಂಗೈಯಗಲದ ಬ್ರಾಕೆಟ್ಟಿನ ಮೇಲೆ! ಆ ಬ್ರಾಕೆಟ್ ನಿಂತಿರುವುದು ಅರ್ಧ ಶತಮಾನ ತುಕ್ಕು ತಿಂದು ತೆಳುವಾದ ಚಾನಲ್ಲಿಗೆ ಹಾಕಿದ ವೆಲ್ಡಿಂಗ್ ಮೇಲೆ. ವೆಲ್ಡಿಂಗಿನ ಪಕ್ಕದಲ್ಲಿ ಕಾದು ಆರಿದ ಉಕ್ಕು ಮೊದಲಿನ ಗುಣ ಉಳಿಸಿಕೊಂಡಿರುವುದಿಲ್ಲ. ಬಿರುಕು ಹುಟ್ಟುವುದು ಅಲ್ಲಿಂದಲೇ. ಪೌಡರ್ ಕೋಟಿಂಗಿನ ಹೊಳಪಿನಡಿ ಆ ಬಿರುಕು ಕಾಣಿಸುವುದೂ ಇಲ್ಲ.

ಅಮೆರಿಕದಲ್ಲಿ ಮಾಡುತ್ತಾರಲ್ಲ ಎಂಬುದು ಸಿದ್ಧ ಉತ್ತರ. ಮಾಡುತ್ತಾರೆ, ನಿಜ. 1974ರ ಮಾಡೆಲ್ಲಿನ ಫೋರ್ಡ್ ಮಸ್ಟಾಂಗ್ 2 ಕಾರಿನ ಮುಂಭಾಗ ಅಲ್ಲಿನ ಹಳೆಯ ಪಿಕಪ್ಪುಗಳ ಕಸಿಗೆ ದಶಕಗಳಿಂದ ಮಾದರಿಯಾಗಿದೆ. ಅಲ್ಲಿ ಗಾಡಿಯ ಮಾಡೆಲ್ಲಿಗೆ ತಕ್ಕಂತೆ ವಿನ್ಯಾಸಗೊಂಡ ಕ್ರಾಸ್ ಮೆಂಬರ್, ಹೊಂದುವ ಸ್ಟಿಯರಿಂಗ್ ರ‍್ಯಾಕ್, ಅಳತೆಯ ಪಟ್ಟಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಹಾಗಿದ್ದೂ ಮೂಲದಲ್ಲಿ ಅದು ಒಂದು ಸಣ್ಣ ಕಾರಿನ ಭಾಗ, ಭಾರಿ ಎಂಜಿನ್ನಿನ ಟ್ರಕ್ಕಿಗೆ ಸಾಲದು ಎಂಬ ವಾದ ಅಲ್ಲಿಯೂ ಮುಗಿದಿಲ್ಲ. ನಾವು ತಂದುಕೊಂಡದ್ದು ಅವರ ಚಿತ್ರಗಳನ್ನು ಮಾತ್ರ. ನಕ್ಷೆ ಅಲ್ಲೇ ಉಳಿಯಿತು.

"ಮಹೀಂದ್ರದವರೇ ಕಮಾನು ಬಿಟ್ಟರಲ್ಲ?" ಎನ್ನುವುದು ಇನ್ನೂ ಜಾಣ ಪ್ರಶ್ನೆ. 2010ರ ಥಾರ್‌ಗೆ ಮುಂದೆ ಟಾರ್ಷನ್ ಬಾರಿನ ಇಂಡಿಪೆಂಡೆಂಟ್ ಬಂತು, 2020ರ ಥಾರ್‌ಗೆ ಜೋಡಿ ತೋಳು ಮತ್ತು ಕಾಯಿಲ್. ಸರಿ. ಆದರೆ ಕಂಪನಿ ಹಳೆಯ ಜೀಪಿನ ಮೂತಿ ಕೊಯ್ದು ಹೊಸ ಸಸ್ಪೆನ್ಷನ್ ಅಂಟಿಸಲಿಲ್ಲ. ಚಾಸಿಸ್, ಸ್ಟಿಯರಿಂಗ್, ಚಕ್ರದ ಅಂತರ, ಬ್ರೇಕು ಎಲ್ಲವನ್ನೂ ಅದಕ್ಕೆಂದೇ ಮತ್ತೆ ರೂಪಿಸಿತು, ಪರೀಕ್ಷೆಗೆ ಒಡ್ಡಿತು, ಸರ್ಕಾರದ ಮಂಜೂರಾತಿ ಪಡೆಯಿತು. ಅದೇ ಹೊತ್ತಿಗೆ ಗಟ್ಟಿ ಆಕ್ಸಲ್ ಸತ್ತಿದೆಯೇ? ಜೀಪ್ ರ‍್ಯಾಂಗ್ಲರ್‌ನ ಮುಂದೆ ಇಂದಿಗೂ ಗಟ್ಟಿ ಆಕ್ಸಲ್. 2023ರಲ್ಲಿ ಭಾರತದ ಪೇಟೆಗೆ ಬಂದ ಮಾರುತಿ ಜಿಮ್ನಿಗೂ ಹಿಂದೆ ಮುಂದೆ ಗಟ್ಟಿ ಆಕ್ಸಲ್. ಮಾರುತಿ ಜಿಪ್ಸಿ 1985ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ನಾಲ್ಕೂ ಚಕ್ರಕ್ಕೆ ಕಮಾನು ಕಟ್ಟಿಕೊಂಡೇ ನಮ್ಮ ಸೈನ್ಯದ ಜೊತೆ ಹಿಮಾಲಯ ಹತ್ತಿಳಿಯಿತು. 1986ರಲ್ಲಿ ಬಂದ ಟಾಟಾ 407 ಮುಂದೆ ಕಮಾನಿಟ್ಟುಕೊಂಡೇ ದೇಶದ ಅರ್ಧ ಸಾಮಾನು ಸಾಗಿಸಿತು. ಶೀಳಫಾಟಾದ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತು ಟ್ರೇಲರ್, ಟ್ಯಾಂಕರ್, ಡಂಪರ್‌ಗಳ ಮುಂಚಕ್ರದ ಹಿಂದೆ ಬಗ್ಗಿ ನೋಡಿ: ಹೆಚ್ಚುಕಡಿಮೆ ಎಲ್ಲದರಲ್ಲೂ ಕಮಾನೇ. ಕೋಟಿ ಕೋಟಿ ರೂಪಾಯಿಯ ಸಾಮಾನು ನಂಬಿ ಕೂತಿರುವುದು ನೀವು ಎತ್ತಿನ ಗಾಡಿಯದ್ದೆಂದು ಬಿಸಾಕುವ ವ್ಯವಸ್ಥೆಯ ಮೇಲೆ.

ವೇಗದ ವಾದವನ್ನೂ ನೋಡೋಣ. ಇಂಡಿಪೆಂಡೆಂಟ್‌ನ ನಿಜವಾದ ಲಾಭ ವೇಗದಲ್ಲಿದೆ ಎಂದೆ. ಘರಡಾ ಸರ್ಕಲ್ಲಿನಿಂದ ಮಾನಪಾಡಾ ದಾಟಿ ಕಾಟೈ ನಾಕಾ ಸೇರುವಷ್ಟರಲ್ಲಿ ಹಳೆಯ ಪಿಕಪ್ಪಿಗೆ ಆ ವೇಗ ಎಲ್ಲಿ ಸಿಗುತ್ತದೆ? ರಿಕ್ಷಾ, ಬೈಕು, ಸ್ಪೀಡ್ ಬ್ರೇಕರ್, ಅಗೆದುಬಿಟ್ಟ ಬದಿ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಈ ಓಟದಲ್ಲಿ ಹಿತ ಕೊಡುವುದು ಸಲೀಸಾಗಿ ಜಾರುವ ಪಟ್ಟಿ, ಜೀವವಿರುವ ಶಾಕ್ ಅಬ್ಸಾರ್ಬರ್, ಸರಿಯಾದ ಗಾಳಿಯ ಟೈರು. ಖಾಲಿ ಜೀಪಿನ ಟೈರಿಗೆ ಲಾರಿಗೆ ತುಂಬುವಂತೆ ಗಾಳಿ ತುಂಬಿಸಿಕೊಂಡು ಸಸ್ಪೆನ್ಷನ್ನನ್ನು ಬೈಯುವವರನ್ನು ಯಾವ ಕಾಯಿಲ್ ಸ್ಪ್ರಿಂಗೂ ಉದ್ಧರಿಸಲಾರದು.

ಕಮಾನು ಉಳಿಸಿಕೊಂಡೇ ಗಾಡಿ ಎತ್ತರಿಸುವ ಇನ್ನೊಂದು ಪಂಥವಿದೆ. ಹರಿಯಾಣದ ಮಂಡಿ ಡಬ್ವಾಲಿಯ ಜೀಪುಗಳ ವಿಡಿಯೊ ನೋಡಿ ಬಂದವರು ಇವರು. ಉದ್ದದ ಶಾಕಲ್, ದೈತ್ಯ ಟೈರು, ಆಕಾಶ ನೋಡುವ ಬಂಪರ್. ಇವರೂ ತಮ್ಮದನ್ನು ಅಪ್‌ಗ್ರೇಡ್ ಎನ್ನುತ್ತಾರೆ. ಹಳೆಯ ಜೀಪಿನ ಮುಂಗಮಾನಿನಲ್ಲಿ ಶಾಕಲ್ ಇರುವುದು ಮುಂತುದಿಯಲ್ಲಿ, ಹಿಂತುದಿ ಚಾಸಿಸ್‌ಗೆ ಸ್ಥಿರ. ಸುಮಾರು ಮೂರಡಿ ಉದ್ದದ ಆ ಕಮಾನಿನ ಮುಂತುದಿಯನ್ನು ಉದ್ದದ ಶಾಕಲ್ ಹಾಕಿ ಎರಡು ಇಂಚು ಕೆಳಗೆ ದೂಡಿದರೆ ಆಕ್ಸಲ್ ಸುಮಾರು 3 ಡಿಗ್ರಿ ಮುಂದಕ್ಕೆ ಹೊರಳುತ್ತದೆ. ಗಾಡಿಯ ಮೂತಿ ಎದ್ದದ್ದನ್ನು ಕಳೆದರೂ ಎರಡು ಡಿಗ್ರಿಗೂ ಹೆಚ್ಚು ಉಳಿಯುತ್ತದೆ. ಕಿಂಗ್‌ಪಿನ್ನಿನ ಹಿಂದೊಲವು, ಅಂದರೆ ಕ್ಯಾಸ್ಟರ್, ಈ ಜೀಪುಗಳಲ್ಲಿ ಇರಬೇಕಾದದ್ದೇ 3 ಡಿಗ್ರಿ. ತಿರುವಿನಿಂದ ಹೊರಬಂದ ಚಕ್ರ ತಾನಾಗಿ ನೇರವಾಗುವುದು, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ನಿಲ್ಲುವುದು ಈ ಒಲವಿನಿಂದ. ಅದನ್ನು ಎರಡು ಇಂಚು ಕಬ್ಬಿಣ ಕೊಟ್ಟು ಮಾರಿಕೊಂಡ ಮೇಲೆ ಚಕ್ರ ಗಡಗಡ ನಡುಗುತ್ತದೆ. ಆಗ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿ ಎನ್ನುತ್ತಾರೆ. ಡ್ಯಾಂಪರ್ ನಡುಕವನ್ನು ಮರೆಮಾಡುತ್ತದೆ, ಕಾರಣವನ್ನು ಮುಟ್ಟುವುದೇ ಇಲ್ಲ. ಅದು ಸವೆದ ದಿನ ನಡುಕ ಬಡ್ಡಿಸಮೇತ ಹಿಂತಿರುಗುತ್ತದೆ. ಎಫ್‌ಸಿ-150ಯ ಚರಿತ್ರೆ ಇವರಿಗೆ ಪಾಠವಾಗಬೇಕು. ಅಮೆರಿಕದಲ್ಲಿ ಅದು ಜೀಪಿನ ಇಕ್ಕಟ್ಟು ಆಕ್ಸಲ್ಲಿನ ಮೇಲೆ ಬಂದಾಗ ಎತ್ತರದ ಕ್ಯಾಬಿನ್ನಿಗೆ ವಾಲುವ ಸ್ವಭಾವವಿತ್ತು. 1958ರಲ್ಲಿ ಕಂಪನಿ ಮಾಡಿದ್ದೇನು? ಚಕ್ರಗಳ ಅಂತರ ಹಿಗ್ಗಿಸಿ ಅಗಲದ ಆಕ್ಸಲ್ ಕೊಟ್ಟಿತು. ಎತ್ತರಿಸಲಿಲ್ಲ.

ಕಾನೂನನ್ನು ಗ್ಯಾರೇಜಿನಲ್ಲಿ ಯಾರೂ ನೆನೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕ ಮೊದಲು ನಮೂದಿಸಿದ ವಿವರಕ್ಕೆ ನೋಂದಣಿ ಪತ್ರ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಬಿಗಿಗೊಳಿಸಿತು: ಅನುಮತಿಯಿಲ್ಲದ ರೀತಿಯಲ್ಲಿ ಭಾಗಗಳನ್ನು ಕೂರಿಸಿ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸಜೆ ಮಾಲೀಕನಿಗೆ ಎಂಬುದನ್ನು ಗಮನಿಸಿ. ಕಟರ್ ಹಿಡಿದವನು ಅಷ್ಟರಲ್ಲಿ ಇನ್ನೊಂದು ಗಾಡಿಯ ಕೆಳಗಿರುತ್ತಾನೆ. ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವುದೂ ಕತ್ತರಿಸಿ ಬೆಸೆದ ಚಾಸಿಸ್ಸನ್ನೇ.

ಶೋಕಿದಾರರಿಗೆ ಇನ್ನೂ ದೊಡ್ಡ ನಷ್ಟ ಕಾದಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಎರಡು ಚಕ್ರದ, ನಾಲ್ಕು ಚಕ್ರದ ವಾಹನಕ್ಕೆ ಹೊಸ ನೋಂದಣಿಗಾದರೆ 20,000 ರೂಪಾಯಿ, ಮರುನೋಂದಣಿಗಾದರೆ 5,000 ರೂಪಾಯಿ ಶುಲ್ಕದಲ್ಲಿ 'ವಿಎ' ಅಕ್ಷರದ ನಂಬರು ಸಿಗುತ್ತದೆ. ದಿನನಿತ್ಯದ ಓಡಾಟ, ಬಾಡಿಗೆ ಇಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮುಖ್ಯ ಷರತ್ತು ಇನ್ನೊಂದಿದೆ: ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನ ಮಾರ್ಪಾಟು ಆಗಿರಬಾರದು. 1965ರ ಎಫ್‌ಸಿ-150ಯೊಂದು ಖಾಸಗಿಯಾಗಿ ಸುಸ್ಥಿತಿಯಲ್ಲಿದ್ದರೆ ಈ ಗೌರವಕ್ಕೆ ವಯಸ್ಸಿನಲ್ಲಿ ಅರ್ಹ. ಚಾಸಿಸ್ ಕತ್ತರಿಸಿ ಕಾಯಿಲ್ ಕೂರಿಸಿದ ದಿನ ಅನರ್ಹ. ಹಳೆಯದನ್ನು ಉಳಿಸುತ್ತೇನೆ ಎಂದು ಹೊರಟವನು ಅದು ಹಳೆಯದೆಂದು ಕರೆಸಿಕೊಳ್ಳುವ ಹಕ್ಕನ್ನೇ ಕೊಂದಿರುತ್ತಾನೆ.

ಇಷ್ಟಾದರೂ ಕಮಾನು ತೆಗೆಸಿ ಎಂಬ ಮತ ಗೆಲ್ಲುತ್ತಿರುವುದೇಕೆ? ಕಾರಣ ವ್ಯಾಪಾರದ್ದು. ಕಮಾನು ಬಿಚ್ಚಿ, ಪಟ್ಟಿ ಪಟ್ಟಿ ಉಜ್ಜಿ, ಬುಷ್ ಬದಲಿಸಿ, ಕಿಂಗ್‌ಪಿನ್ನಿನ ಬೇರಿಂಗಿಗೆ ಶಿಮ್ ಕೂರಿಸಿ ಕೊಟ್ಟ ಮೆಕ್ಯಾನಿಕ್‌ಗೆ ಗಿರಾಕಿ ಕೇಳುವ ಪ್ರಶ್ನೆ "ಇದಕ್ಕಿಷ್ಟು ದುಡ್ಡಾ?" ಎಂಬುದು. ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕೆಂಪು ಬಣ್ಣದ ಕಾಯಿಲ್, ಹೊಳೆಯುವ ತೋಳು ಕಾಣುತ್ತದೆ, ಫೋಟೊಗೆ ಬರುತ್ತದೆ, ಅದಕ್ಕೆ ಹತ್ತು ಪಟ್ಟು ದುಡ್ಡು ಮರುಮಾತಿಲ್ಲದೆ ಬರುತ್ತದೆ. ಗಿರಾಕಿಗೆ ನಿರ್ವಹಣೆ ಬೇಡ, ಬದಲಾವಣೆ ಬೇಕು. ಮೆಕ್ಯಾನಿಕ್ ಅದನ್ನೇ ಮಾರುತ್ತಾನೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಅದೇ ಜೀಪುಗಳು ಕಮಾನಿನ ಮೇಲೆಯೇ ಇಂದಿಗೂ ಮಳೆಗಾಲದ ಕೆಸರು ಹತ್ತುತ್ತವೆ. ತೋಟದವರಿಗೆ ಫೋಟೊಗಿಂತ ನಾಳೆ ಬೆಳಿಗ್ಗೆ ಗಾಡಿ ಹೊರಡುವುದು ಮುಖ್ಯ. ಪಟ್ಟಿ ಮುರಿದರೆ ಹತ್ತಿರದ ಪೇಟೆಯಲ್ಲಿ ಪಟ್ಟಿ ಸಿಗುತ್ತದೆ. ಯಾವುದೋ ಎಸ್‌ಯುವಿಯ ಕೊಯ್ದು ಕುಗ್ಗಿಸಿದ ತೋಳು ಮುರಿದರೆ ಅದರ ಜೋಡಿ ಲೋಕದಲ್ಲೆಲ್ಲೂ ಸಿಗುವುದಿಲ್ಲ.

ಹಾಗಾದರೆ ಹಳೆಯ ಪಿಕಪ್ಪಿನ ಮುಂಭಾಗವನ್ನು ಸುಧಾರಿಸುವುದೇ ಬೇಡವೇ? ಬೇಕು, ಧಾರಾಳವಾಗಿ ಬೇಕು. ಆದರೆ ಕ್ರಮ ಇದು. ಮೊದಲು ಟೈರಿನ ಗಾಳಿ ಮತ್ತು ಜಾತಿ ಸರಿಪಡಿಸಿ, ಒಂದೇ ಆಕ್ಸಲ್ಲಿಗೆ ಒಂದೇ ಬಗೆಯ ಟೈರು. ಆಮೇಲೆ ಮುಂಚಕ್ರ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ಕಿಂಗ್‌ಪಿನ್, ವೀಲ್ ಬೇರಿಂಗ್ ನೋಡಿ. ಸನ್ನೆಗೋಲು ಹಾಕಿ ಶಾಕಲ್ ಮೀಟಿ ಬುಷ್ ನೋಡಿ. ಎರಡೂ ಕಮಾನು ಬಿಚ್ಚಿ ಬಾಗುವಿಕೆ ಅಳೆದು ಎಡ ಬಲ ಹೋಲಿಸಿ. ಒಂದು ಸತ್ತಿದ್ದರೆ ಜೋಡಿಯನ್ನೇ ಬದಲಿಸಿ, ಕಾರ್ಖಾನೆಯಲ್ಲಿ ಹದಗೊಂಡ ಸ್ಪ್ರಿಂಗ್ ಉಕ್ಕಿನ ಸೆಟ್ ತನ್ನಿ, ಲೆಕ್ಕಕ್ಕಿಂತ ಒಂದು ಪಟ್ಟಿಯೂ ಹೆಚ್ಚು ಬೇಡ. ಪಟ್ಟಿಗಳ ತುದಿಗೆ ನೈಲಾನ್ ಪ್ಯಾಡ್ ಕೂರಿಸಿದರೆ ಘರ್ಷಣೆ ಇಳಿಯುತ್ತದೆ. ಇದು ನಿಜವಾದ ಅಪ್‌ಗ್ರೇಡ್. ಹಳೆಯ ಯು ಬೋಲ್ಟ್ ಮರಳಿ ಬಳಸಬೇಡಿ, ಹೊಸದನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಗಾಡಿಯ ತೂಕಕ್ಕೆ ಹೊಂದುವ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿ. ಕ್ಯಾಸ್ಟರ್ ತಪ್ಪಿದ್ದರೆ ಕಮಾನು ಮತ್ತು ಆಕ್ಸಲ್ಲಿನ ನಡುವೆ ಬೆಣೆಯಾಕಾರದ ಶಿಮ್ ಸಾಕು, ಅದಕ್ಕೆ ಕಟರ್ ಬೇಡ. ಕೊನೆಗೆ ಗ್ರೀಸ್ ಗನ್. ಇವಿಷ್ಟೂ ಮಾಡಿದ ಮೇಲೂ ಗಾಡಿ ಎತ್ತಿ ಒಗೆದರೆ ಬನ್ನಿ, ಆಗ ಇಂಡಿಪೆಂಡೆಂಟ್ ಮಾತಾಡೋಣ.

ಎಂಐಡಿಸಿಗೂ ಒಂದು ಮಾತು ಸಲ್ಲಬೇಕು. ಲೇತ್, ರಬ್ಬರ್ ಮೋಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್, ಅಳತೆಯ ಉಪಕರಣ ಇರುವ ಔದ್ಯೋಗಿಕ ಪ್ರದೇಶವಿದು. ಕಾರು ಕಟ್ಟಿದ ಪ್ರೀಮಿಯರ್ ಜಾಗದಲ್ಲಿ ಇಂದು ವಸತಿ ಗೋಪುರಗಳೆದ್ದಿವೆ. ಆದರೆ ಪಿನ್ನೊಂದನ್ನು ಕೂದಲೆಳೆಯ ಅಳತೆಗೆ ತಿರುಗಿಸಬಲ್ಲ ಕೈಗಳು ಈ ಶೆಡ್ಡುಗಳಲ್ಲಿ ಉಳಿದಿವೆ. ಸಿಗದ ಶಾಕಲ್ ಪಿನ್, ಮರೆತುಹೋದ ಬುಷ್, ಹದಗೊಂಡ ಪಟ್ಟಿ ಮಾಡಿಕೊಡುವುದು ಆ ಕೈಗಳಿಗೆ ತಕ್ಕ ಕೆಲಸ. ಚಾಸಿಸ್ ಕೊಯ್ಯುವುದು ಅವುಗಳಿಗೆ ಅವಮಾನ.

ಹಳೆಯ ಪಿಕಪ್ಪಿನ ಮಾಲೀಕರಲ್ಲಿ ನನ್ನ ಕೇಳಿಕೆ ಇಷ್ಟೇ. ಕಮಾನು ತೆಗೆಸಿ ಎಂದವನಿಗೆ ಮೂರು ಕಾಗದ ಕೇಳಿ: ತೋಳು ಮತ್ತು ಬ್ರಾಕೆಟ್ಟಿನ ಅಳತೆಯ ನಕ್ಷೆ, ಕೆಲಸ ಮುಗಿದ ಮೇಲೆ ಕ್ಯಾಸ್ಟರ್, ಕ್ಯಾಂಬರ್, ಟೋ ಎಷ್ಟಿರುತ್ತದೆ ಎಂಬ ಲಿಖಿತ ಲೆಕ್ಕ, ಕಲ್ಯಾಣದ ಆರ್‌ಟಿಒ ಕಚೇರಿಯ ಅನುಮತಿ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಕೀಲಿ ವಾಪಸು ತೆಗೆದುಕೊಳ್ಳಿ, ಹೊರಡುವಾಗ ಒಂದು ಡಬ್ಬಿ ಗ್ರೀಸ್ ಕೊಂಡುಕೊಳ್ಳಿ.